ಘಟ್ಟ ಇಳಿದು ಬಸ್ರೂರು, ಗಂಗೊಳ್ಳಿ ನೋಡಿದ್ದು

ನಮ್ಮ ಚಿಕ್ಕಮಗಳೂರಿನೋರಿಗೆ ಸಮುದ್ರ ಅಂದ್ರೆ ಮಲ್ಪೆ ಇಲ್ಲ ಪಣಂಬೂರು, ಮಧ್ಯದಲ್ಲಿ ಉಡುಪಿ ಮಠದ ಊಟ, ಮಕ್ಕಳು ಒಂದಷ್ಟು ನೀರಲ್ಲಿ ಹೊರಳಾಡಿದ್ರೆ ಮುಗೀತು, ಸಂಜೆ ವಾಪಸ್. ಅದೂ ಬೇಕು ಬಿಡಿ. ಆದ್ರೆ ಬಂದರು ಊರು ಹೆಂಗಿರುತ್ತೆ ಅಂತ ನೋಡೋ ಹುಚ್ಚು ಇರೋರು ಕುಂದಾಪುರ ಕಡೆ ಹೋಗಿ ಅಂತೀನಿ ನಾನು, ಅದೂ ಬೀಚಿಂದ ಶುರು ಮಾಡ್ಬೇಡಿ, ಒಳಗಿನಿಂದ ಹೊಳೆ ಹಿಡ್ಕೊಂಡು ಸಮುದ್ರಕ್ಕೆ ಹೋಗಿ. ನಾವು ಹೋಗಿದ್ದು ಹಂಗೇ.

ಬಾಳೆಹೊನ್ನೂರು, ಕೊಪ್ಪ, ಶೃಂಗೇರಿ, ಆಗುಂಬೆ. ಘಾಟಿಯ 14 ತಿರುವಿನ ಬಗ್ಗೆ ನಮ್ಮೋರಿಗೆ ನಾನೇನು ಹೇಳೋದು, ವಾಂತಿ ಆಗೋರನ್ನ ಮುಂದಿನ ಸೀಟಲ್ಲಿ ಕೂರಿಸಿ ಅಷ್ಟೇ. ಕೆಳಗೆ ಸೋಮೇಶ್ವರ, ಹೆಬ್ರಿ ದಾಟಿ ಬ್ರಹ್ಮಾವರದ ರೋಡು ಹಿಡೀರಿ. ಇಲ್ಲಿ ಸೀತಾನದಿ ಜೊತೆಗೆ ಬರುತ್ತೆ, ಆಗುಂಬೆ ಕಡೆ ಕಾಡಲ್ಲಿ ಹುಟ್ಟಿದ ನೀರು ಅದು, ಅದರ ದಡದಲ್ಲೇ ಬಾರ್ಕೂರು, ಆಳುಪರ ರಾಜಧಾನಿ ಆಗಿದ್ದ ಊರು. ಈಗ ನೋಡಿದ್ರೆ ಗದ್ದೆ, ತೆಂಗು, ಮಧ್ಯ ಮಧ್ಯ ದೇವಸ್ಥಾನ, ಕತ್ತಲೆ ಬಸದಿ. ಬಸದಿ ನೋಡೋಕೆ ಸ್ವಲ್ಪ ಹೊತ್ತು ಸಾಕು, ಇಳಿದು ನೋಡಿ, ಗಾಡಿಯಲ್ಲೇ ಕೂತು ಫೋಟೋ ತೆಗೀಬೇಡಿ.

ಬಸ್ರೂರು ಹಳೇ ಕಾಲದ ಬಂದರು ಊರು, ಕುಂದಾಪುರದಿಂದ ಪೂರ್ವಕ್ಕೆ, ಒಳಗಡೆ. ಇದೆಂಥ ಬಂದರು ಮಾರಾಯ, ಸಮುದ್ರಾನೇ ಕಾಣಲ್ಲ ಅಂತ ನನ್ನ ಭಾವ ಗಾಡಿ ಇಳಿದ ತಕ್ಷಣ ಕೇಳಿದ್ರು. ವಿಷಯ ಇರೋದೇ ಅಲ್ಲಿ. ಹಳೇ ಕಾಲದ ಹಾಯಿ ಹಡಗು, ಮಂಜಿ ಅನ್ನೋ ಸರಕಿನ ಮರದ ಹಡಗು ಎಲ್ಲ ಸಣ್ಣವು, ತೆರೆ ಹೊಡೆಯೋ ದಡದಲ್ಲಿ ನಿಲ್ಲಿಸೋಕಿಂತ ಉಬ್ಬರದ ನೀರಿನ ಜೊತೆ ವಾರಾಹಿ ಹೊಳೆ ಒಳಗೆ ಬಂದ್ಬಿಟ್ರೆ ಗಾಳಿಮಳೆಗೂ ಹೆದರಬೇಕಿಲ್ಲ, ಮಾಲೂ ಹತ್ತಿರ, ಇಳಿತ ಶುರುವಾದಾಗ ಅದೇ ನೀರಿನ ಜೊತೆ ವಾಪಸ್ ಸಮುದ್ರಕ್ಕೆ. ಇಲ್ಲಿಂದ ಅಕ್ಕಿ ಹಡಗು ಹಡಗು ಹೋಗ್ತಿತ್ತು, ಪೋರ್ಚುಗೀಸರು ಇದನ್ನ ಬಾರ್ಸೆಲೋರ್ ಅಂತಿದ್ರು, 16ನೇ ಶತಮಾನದಲ್ಲಿ ಹೊಳೆಗುಂಟ ಕೆಳಗೆ ಸಮುದ್ರದ ಕಡೆ ಕೋಟೆ ಕಟ್ಟಿಕೊಂಡು ಕೂತಿದ್ದು ಈ ವ್ಯಾಪಾರದ ಆಸೆಗೇ. ಶಿವಾಜಿ 1665ರ ಫೆಬ್ರವರಿಯಲ್ಲಿ ಮಾಲ್ವಣದಿಂದ ಹಡಗಲ್ಲಿ ಬಂದು ಲೂಟಿ ಮಾಡಿದ್ದೂ ಇದೇ ಬಸ್ರೂರನ್ನ, ವಾಪಸ್ ಹೋಗುವಾಗ ಗೋಕರ್ಣಕ್ಕೆ ಹೋಗಿ ಪೂಜೆ ಮಾಡ್ಸಿದ್ರಂತೆ. ಅಷ್ಟು ದೂರದಿಂದ ಬರ್ಬೇಕು ಅಂದ್ರೆ ಊರಲ್ಲಿ ಎಷ್ಟು ದುಡ್ಡು ಇದ್ದಿರ್ಬೇಕು ಲೆಕ್ಕ ಹಾಕಿ. ನಮ್ಮ ಘಟ್ಟದ ಮೇಲಿನ ಮೆಣಸು ಅಡಿಕೆ ಎತ್ತಿನ ಮೇಲೆ ಹೇರಿ ಇಳೀತಿದ್ದಿದ್ದೂ ಕರಾವಳಿಯ ಇಂಥ ಬಂದರುಗಳಿಗೇ, ಹತ್ತುವಾಗ ಉಪ್ಪು, ಒಣಮೀನು. ಮಹಾಲಿಂಗೇಶ್ವರ ದೇವಸ್ಥಾನ ನೋಡ್ಕೊಂಡು ಹೊಳೆ ಕಡೆ ನಡೀರಿ, ದೊಡ್ಡ ಅವಶೇಷ ಏನೋ ಇರುತ್ತೆ ಅಂತ ಹುಡುಕ್ಬೇಡಿ, ಇಲ್ಲಿ ನೋಡ್ಬೇಕಿರೋದು ಹೊಳೆಯ ಅಗಲ.

ರಾತ್ರಿ ಕುಂದಾಪುರದಲ್ಲಿ ಉಳ್ಕೊಂಡ್ವಿ. ಚಿಕನ್ ಘೀ ರೋಸ್ಟ್ ಹುಟ್ಟಿದ್ದೇ ಈ ಊರಲ್ಲಿ, ತಿನ್ನದೆ ಬಂದ್ರೆ ಮನೇಲಿ ಬೈತಾರೆ. ನನಗೆ ಕೇಳಿದ್ರೆ ಬಂಗುಡೆ ಗಸಿ, ಕುಚ್ಚಲಕ್ಕಿ ಅನ್ನ ಅದಕ್ಕಿಂತ ಮೇಲು, ಭಾವ ಒಪ್ಪಲ್ಲ.

ಗಂಗೊಳ್ಳಿ ಮೀನುಗಾರಿಕೆ ಬಂದರು, ಅಲ್ಲಿಗೆ ಬೆಳಿಗ್ಗೆನೇ ಹೋಗ್ಬೇಕು. ಕುಂದಾಪುರದ ದಡದಲ್ಲಿ ನಿಂತ್ರೆ ಎದುರಿಗೇ ಕಾಣುತ್ತೆ, ಆದ್ರೆ ರಸ್ತೆಯಲ್ಲಿ ಹೆಮ್ಮಾಡಿ, ಮುಳ್ಳಿಕಟ್ಟೆ ಅಂತ ಸುತ್ತಿ ಹೋಗ್ಬೇಕು, ಯಾಕಂದ್ರೆ ಮಧ್ಯ ಇರೋದು ಪಂಚಗಂಗಾವಳಿ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ, ಐದು ಹೊಳೆ ಸೇರಿ ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಬೀಳೋ ಜಾಗ. ನಿನ್ನೆ ಬಸ್ರೂರಲ್ಲಿ ನೋಡಿದ ನೀರೂ ಇಲ್ಲಿಗೇ ಬರೋದು. ದಕ್ಕೆಯಲ್ಲಿ, ಅಂದ್ರೆ ಬೋಟು ಕಟ್ಟೋ ಕಟ್ಟೆಯಲ್ಲಿ, ಬೋಟಿಂದ ಬುಟ್ಟಿ ಬುಟ್ಟಿ ಮೀನು ಇಳೀತಿರುತ್ತೆ, ಪಕ್ಕದಲ್ಲೇ ಐಸ್ ಪುಡಿ ಮಾಡೋದು, ಹರಾಜು ಕೂಗೋದು, ನೀವು ದಾರಿಗೆ ಅಡ್ಡ ನಿಂತ್ರೆ ಬೈಗುಳ ಗ್ಯಾರಂಟಿ, ಅವರ ಕೆಲಸದ ಹೊತ್ತು ಅದು. ಗೋಡೆ ಪಕ್ಕ ನಿಂತ್ಕೊಂಡಿದ್ದಕ್ಕೆ ಮೀನು ಆರಿಸ್ತಿದ್ದ ಅಕ್ಕ ಒಬ್ರು ತಾವಾಗೇ "ಹ್ವಾಯ್, ಊರ್ ಎಲ್ಲಾಯ್ತ್?" ಅಂತ ಮಾತಾಡಿಸಿದ್ರು, ಚಿಕ್ಕಮಗಳೂರು ಅಂದಿದ್ದಕ್ಕೆ ಕಾಫಿಪುಡಿ ತಂದಿದ್ರಾ ಅಂತ ಕೇಳಿ ನಕ್ರು. ಮುಂದಿನ ಸಲ ಹೋಗೋರು ಒಂದು ಪ್ಯಾಕೆಟ್ ಇಟ್ಕೊಂಡಿರಿ.

ಅಳಿವೆಯಲ್ಲಿ ಬೋಟು ಒಳಗೆ ಬರೋದನ್ನ ಸುಮ್ನೆ ಕೂತು ನೋಡಿದ್ರೆ ಈ ಬಂದರು ಯಾಕೆ ದೊಡ್ಡದಾಗ್ಲಿಲ್ಲ ಅಂತಾನೂ ತಿಳಿಯುತ್ತೆ. ಹೊಳೆಗಳು ತರೋ ಮಣ್ಣು, ಸಮುದ್ರ ತಳ್ಳೋ ಮರಳು, ಎರಡೂ ಸೇರಿ ಬಾಯಲ್ಲೇ ಹೂಳು. ಮಂಜಿಗೆ, ಮೀನಿನ ಬೋಟಿಗೆ ನಡೆಯುತ್ತೆ, ದೊಡ್ಡ ಹಡಗಿಗೆ ಆಳ ಸಾಲಲ್ಲ, ಅವೆಲ್ಲ ಈಗ ಹೋಗೋದು ಪಣಂಬೂರಿನ ನವಮಂಗಳೂರು ಬಂದರಿಗೆ.

ಹೋಗೋರಿಗೆ ಒಂದೆರಡು ವಿಷಯ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಆಗ ಹೋದ್ರೆ ಸಾಲಾಗಿ ಕಟ್ಟಿ ಹಾಕಿರೋ ಬೋಟು ಮಾತ್ರ ಸಿಗೋದು. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ಹೋದ್ರೆ ಉಬ್ಬರ ಇಳಿತದ ವ್ಯತ್ಯಾಸ ಜೋರು, ಹೊಳೆ ಹಿಂದಕ್ಕೆ ಹರಿಯೋದು ಚೆನ್ನಾಗಿ ಕಾಣುತ್ತೆ, ಉಬ್ಬರದ ಹೊತ್ತು ದಿನಾ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ, ಅದಕ್ಕೆ ದಕ್ಕೆಯಲ್ಲಿ ಯಾರನ್ನಾದ್ರೂ ಹಿಂದಿನ ದಿನಾನೇ ಕೇಳ್ಕೊಳ್ಳಿ. ಮೀನು ತರೋದಿದ್ರೆ ಥರ್ಮೋಕೋಲ್ ಡಬ್ಬಿಗೆ ಐಸ್ ತುಂಬಿಸಿ ಟೇಪ್ ಸುತ್ತಿಸಿ, ಘಾಟಿ ತಿರುವಲ್ಲಿ ಚೆಲ್ಲಿದ್ರೆ ಆ ವಾಸನೆ ಕಾರಿಂದ ಹೋಗಲ್ಲ. ಮಧ್ಯಾಹ್ನ ಊಟ ಆದ ತಕ್ಷಣ ಹೊರಡಿ, ಕತ್ತಲಾದ ಮೇಲೆ ಆಗುಂಬೆ ಮಂಜಲ್ಲಿ ಗಾಡಿ ಹೊಡೆಯೋದು ಯಾರಿಗೂ ಬೇಡ.