ಡ್ರಮ್ ಇಟ್ಟು ಬೋರ್ ನೀರು ಅಳೆದದ್ದು

2022ರ ಸೆಪ್ಟೆಂಬರ್‌ನಲ್ಲಿ ಮಾರಿಕಣಿವೆ (ವಾಣಿವಿಲಾಸ ಸಾಗರ) ಕೋಡಿ ಬಿದ್ದಾಗ ನಮ್ಮ ಹಿರಿಯೂರು ಸೀಮೆಗೆಲ್ಲ ಹಬ್ಬ. ಅಣೆಕಟ್ಟು ಮುಗಿದದ್ದು 1907ರಲ್ಲಿ. ಅಲ್ಲಿಂದ ಒಮ್ಮೆ ಮಾತ್ರ, 1933ರಲ್ಲಿ, ಕೋಡಿ ಬಿದ್ದಿತ್ತು. 89 ವರ್ಷದ ಮೇಲೆ ವೇದಾವತಿ ಹಾಗೆ ಹರಿಯುವುದನ್ನು ಕಂಡು ಅಪ್ಪ ಕೈ ಮುಗಿದು ನಿಂತುಬಿಟ್ಟರು.

ನಮ್ಮ ಹೊಲಕ್ಕೆ ಚಾನಲ್ ನೀರಿಲ್ಲ, ಬೋರೇ ಗತಿ. ಆ ವರ್ಷದ ಮಳೆಗೆ ಬೋರೂ ಚೆನ್ನಾಗಿ ಎತ್ತುತ್ತಿತ್ತು. ಆಗಲೇ 400 ಅಡಿಕೆ, 120 ತೆಂಗು ಇದ್ದವು. ನಾನು ಇನ್ನೂ 300 ಅಡಿಕೆ ಸಸಿ ತಂದಿಟ್ಟೆ.

"ಗುಂಡಿ ತೆಗೆಸೋ ಮುಂಚೆ ನೀರೆಷ್ಟಿದೆ ನೋಡೋ" ಅಂದರು ಅಪ್ಪ.

ಬೋರ್ ಕೊರೆದವರು 'ಎರಡಿಂಚು ನೀರು' ಅಂದಿದ್ದರು. ಅದು ಕೊರೆದ ದಿನದ ಮಾತು. ಗಿಡಕ್ಕೆ ಬೇಕಾದದ್ದು ಲೀಟರ್ ಲೆಕ್ಕ ಅಲ್ವಾ? 200 ಲೀಟರ್ ಡ್ರಮ್ ಇಟ್ಟು, ಮೊಬೈಲ್‌ನಲ್ಲಿ ಸೆಕೆಂಡ್ ನೋಡಿದೆ. ಮೋಟಾರ್ ಹಾಕಿದ ಕೂಡಲೇ ಅಳೆಯಬಾರದು. ಬೋರ್‌ನೊಳಗೆ ರಾತ್ರಿಯೆಲ್ಲ ನಿಂತ ನೀರು ಮೊದಲು ಬರುತ್ತದೆ, ಅದು ಜಾಸ್ತಿ ತೋರಿಸುತ್ತದೆ. ಒಂದು ಗಂಟೆ ಓಡಿಸಿ, ಆಮೇಲೆ ಮೂರು ಸಲ ಅಳೆದೆ.

ಜನವರಿಯಲ್ಲಿ ಡ್ರಮ್ 140 ಸೆಕೆಂಡಿಗೆ ತುಂಬಿತು. ಗಂಟೆಗೆ 5,100 ಲೀಟರ್‌ಗಿಂತ ಜಾಸ್ತಿ. ಸಸಿ ನೆಟ್ಟುಬಿಡೋಣ ಅನ್ನಿಸಿತು. ಅಪ್ಪ ಬಿಡಲಿಲ್ಲ, ಬೇಸಿಗೆ ನೋಡು ಅಂದರು. ಏಪ್ರಿಲ್ ಕೊನೆಗೆ ಅದೇ ಡ್ರಮ್‌ಗೆ 240 ಸೆಕೆಂಡ್ ಬೇಕಾಯಿತು. ನಡುನಡುವೆ ಪೈಪು ಕೆಮ್ಮಿದ ಹಾಗೆ ಗಾಳಿ ಬಿಡುತ್ತಿತ್ತು. ಗಂಟೆಗೆ 3,000 ಲೀಟರ್. ತ್ರೀ ಫೇಸ್ ಕರೆಂಟ್ ಏಳು ಗಂಟೆ ಸಿಕ್ಕರೆ ದಿನಕ್ಕೆ 21,000.

ಡ್ರಿಪ್‌ನಲ್ಲಿ ಬೇಸಿಗೆಗೆ ದಿನಕ್ಕೆ ಒಂದು ಅಡಿಕೆ ಗಿಡಕ್ಕೆ 20, ಒಂದು ತೆಂಗಿಗೆ 80 ಲೀಟರ್ ಹಿಡಿದೆ. ಇದ್ದ ಗಿಡಗಳಿಗೇ 17,600 ಬೇಕು. ಹೊಸ 300 ಸೇರಿದರೆ 23,600. ಸಾಲದು. ಕರೆಂಟ್ ಕೈಕೊಟ್ಟ ದಿನದ ಮಾತಂತೂ ಬೇಡ.

ಸಸಿಗಳನ್ನು ಮಲೆನಾಡಿನ ನೆಂಟರಿಗೆ ಕೊಟ್ಟೆ. ಬೇಜಾರಾಯಿತು, ಸುಳ್ಳು ಹೇಳಲ್ಲ. ಗುಂಡಿ ತೆಗೆಸಲು ಇಟ್ಟ ದುಡ್ಡಲ್ಲಿ ಹಳೇ ಡ್ರಿಪ್ ಪೈಪು ಬದಲಿಸಿದೆ, ಬುಡಕ್ಕೆಲ್ಲ ತೆಂಗಿನ ಗರಿ, ಸಿಪ್ಪೆ ಮುಚ್ಚಿಸಿದೆ. ಮೇ ತಿಂಗಳ ಮಧ್ಯಾಹ್ನ ಸಿಪ್ಪೆ ಸರಿಸಿ ಮಣ್ಣು ಹಿಡಿದರೆ ಉಂಡೆಯಾಗುತ್ತಿತ್ತು.

2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು. ಪಕ್ಕದ ಹೊಲದವರು ಅಡಿಕೆ ಗುಂಡಿ ತೆಗೆಸಿದರು. ನಾನು ಏಪ್ರಿಲ್‌ವರೆಗೆ ಕಾದು ಡ್ರಮ್ ಇಟ್ಟೆ. 225 ಸೆಕೆಂಡ್. ದಿನಕ್ಕೆ 22,400 ಲೀಟರ್. ಆ 300 ಗಿಡಕ್ಕೆ ಇನ್ನೂ ಸಾಲದು.