ಟ್ಯಾರಿಫ್ ಸುದ್ದಿ ಬಂದಾಗ ಅದರ ಹಿಂದಿನ ಕಾನೂನು ಹುಡುಕೋದು ಹೇಗೆ

ಯಾವ್ದೋ ದೊಡ್ಡ ದೇಶ ಇನ್ನೊಂದು ದೇಶದ ಸಾಮಾನಿನ ಮೇಲೆ ಸುಂಕ ಏರಿಸ್ತು ಅಂತ ಸುದ್ದಿ ಬಂದ ತಕ್ಷಣ ಯಾರು ಗೆದ್ರು ಯಾರು ಸೋತ್ರು ಅನ್ನೋ ಚರ್ಚೆ ಶುರುವಾಗುತ್ತೆ, ಆದ್ರೆ ಅದಕ್ಕಿಂತ ಮೊದ್ಲು ಕೇಳ್ಬೇಕಾದ ಪ್ರಶ್ನೆ ಎರಡಿವೆ. ಈ ಸುಂಕ ಯಾವ ಕಾನೂನಿನ ಆಧಾರದ ಮೇಲೆ ಹಾಕಿದ್ದು? ಅದು ತಪ್ಪು ಅಂತ ತೀರ್ಪು ಬಂದ್ರೆ ಜಾರಿ ಮಾಡಿಸೋ ತಾಕತ್ತು ಯಾರ ಕೈಲಿದೆ? ಇದಕ್ಕೆ ಉತ್ತರ ಹುಡುಕೋಕೆ ಲಾಯರ್ ಆಗಿರ್ಬೇಕಿಲ್ಲ, ಬೇಕಾದ ದಾಖಲೆಗಳೆಲ್ಲ ಪುಕ್ಕಟೆ ಸಿಗುತ್ತೆ, ಯಾವುದನ್ನ ಯಾವ ಕ್ರಮದಲ್ಲಿ ನೋಡ್ಬೇಕು ಅಂತ ಗೊತ್ತಿದ್ರೆ ಸಾಕು.

ಮೊದ್ಲು ಹೆಡ್‌ಲೈನ್ ಬಿಟ್ಟು ಮೂಲ ಆದೇಶ ಹುಡುಕಿ. ಅದರಲ್ಲಿ ಎರಡು ವಿಷಯ ನೋಡ್ಕೊಳಿ, ಯಾವ ಸರಕಿಗೆ ಅನ್ವಯ ಆಗುತ್ತೆ ಮತ್ತೆ ಯಾವ ಕಾಯ್ದೆ ಬಳಸಿದ್ದಾರೆ. ಸರಕನ್ನ ಗುರುತಿಸೋದು ಎಚ್‌ಎಸ್ ಕೋಡ್ ಮೂಲಕ, ಅಂದ್ರೆ ಪ್ರತಿ ಸರಕಿಗೂ ಕೊಟ್ಟಿರೋ ಅಂತರರಾಷ್ಟ್ರೀಯ ಸಂಖ್ಯೆ, ಮೊದಲ ಆರು ಅಂಕಿ ಹೆಚ್ಚುಕಡಿಮೆ ಪ್ರಪಂಚದಲ್ಲೆಲ್ಲ ಒಂದೇ, ಅದರ ಮುಂದಿನ ಅಂಕಿಗಳು ಆಯಾ ದೇಶದವು. "ಉಕ್ಕಿನ ಮೇಲೆ ಸುಂಕ" ಅಂತ ಸುದ್ದಿಯಲ್ಲಿ ಬಂದಿದ್ರೂ ಕೋಡ್ ಪಟ್ಟಿ ತೆಗೆದು ನೋಡಿದ್ರೆ ಯಾವ ಉಕ್ಕು ಸೇರಿದೆ ಯಾವುದು ಸೇರಿಲ್ಲ ಅಂತ ಗೊತ್ತಾಗುತ್ತೆ. ಕಾಯ್ದೆ ವಿಷಯಕ್ಕೆ ಬಂದ್ರೆ, ಅಮೆರಿಕದ್ದೇ ತಗೊಳಿ, 2018ರಲ್ಲಿ ಉಕ್ಕಿಗೆ 25 ಪರ್ಸೆಂಟ್ ಅಲ್ಯೂಮಿನಿಯಂಗೆ 10 ಪರ್ಸೆಂಟ್ ಹಾಕಿದ್ದು 1962ರ ಕಾಯ್ದೆಯ ಸೆಕ್ಷನ್ 232ರಲ್ಲಿ, ಅದು ರಾಷ್ಟ್ರೀಯ ಭದ್ರತೆ ಹೆಸರಲ್ಲಿ. ಅದೇ ವರ್ಷ ಚೀನಾದ ಸಾಮಾನಿನ ಮೇಲೆ ಹಾಕಿದ್ದು 1974ರ ಕಾಯ್ದೆಯ ಸೆಕ್ಷನ್ 301ರಲ್ಲಿ, ಅಲ್ಲಿ ಕಾರಣ ಬೌದ್ಧಿಕ ಆಸ್ತಿ ಮತ್ತು ಟೆಕ್ನಾಲಜಿ. 2025ರ ಏಪ್ರಿಲ್‌ನಲ್ಲಿ ಬಹುತೇಕ ಎಲ್ಲ ದೇಶಗಳ ಮೇಲೂ ಹಾಕಿದ ರೆಸಿಪ್ರೋಕಲ್ ಟ್ಯಾರಿಫ್‌ಗೆ ಬಳಸಿದ್ದು 1977ರ ತುರ್ತು ಅಧಿಕಾರದ ಕಾಯ್ದೆ, ಅದನ್ನ ಅಲ್ಲಿನ ಕೋರ್ಟುಗಳಲ್ಲೇ ಪ್ರಶ್ನೆ ಮಾಡಿದ್ರು. ಮೂರಕ್ಕೂ ಟ್ಯಾರಿಫ್ ಅಂತಾನೇ ಹೆಸರು, ಆದ್ರೆ ಮೂರರ ಕಾನೂನು ದಾರಿನೂ ಬೇರೆ, ಬಿದ್ದೋಗೋ ಸಾಧ್ಯತೆನೂ ಬೇರೆ.

ಆಮೇಲೆ ಬೌಂಡ್ ರೇಟ್ ನೋಡಿ. ಇದನ್ನ ಬಹಳಷ್ಟು ಜನ ನೋಡೋದೇ ಇಲ್ಲ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ವಿಶ್ವ ವ್ಯಾಪಾರ ಸಂಸ್ಥೆಯ, ಅಂದ್ರೆ ಡಬ್ಲ್ಯುಟಿಒದ, ಪ್ರತಿ ಸದಸ್ಯ ದೇಶವೂ ಯಾವ ಸರಕಿಗೆ ಗರಿಷ್ಠ ಎಷ್ಟು ಸುಂಕ ಹಾಕ್ತೀನಿ ಅಂತ ಬರೆದುಕೊಟ್ಟಿರುತ್ತೆ, ಆ ಮಿತಿನೇ ಬೌಂಡ್ ರೇಟ್. ನಿಜವಾಗಿ ವಸೂಲಿ ಮಾಡೋದು ಅಪ್ಲೈಡ್ ರೇಟ್, ಅದು ಮಿತಿಗಿಂತ ಕಡಿಮೆ ಇರ್ಬಹುದು. ಅಮೆರಿಕದ ಬೌಂಡ್ ರೇಟ್ ಸರಾಸರಿ ಸುಮಾರು 3.4 ಪರ್ಸೆಂಟ್, ಭಾರತದ್ದು ಸುಮಾರು 50 ಪರ್ಸೆಂಟ್. ಹಾಗಾಗಿ ಭಾರತ ಒಂದು ಸರಕಿನ ಸುಂಕ 10ರಿಂದ 20ಕ್ಕೆ ಏರಿಸಿದ್ರೆ ಅನೇಕ ಸಲ ನಿಯಮ ಮುರಿದ ಹಾಗಾಗಲ್ಲ, ಅಮೆರಿಕ ಅದೇ ಮಾಡಿದ್ರೆ ಬಹುತೇಕ ಮುರಿದ ಹಾಗೇನೇ. ಇದು ಅನ್ಯಾಯ ಅಂತ ಅಮೆರಿಕ ಹೇಳುತ್ತೆ, ಆದ್ರೆ ಈ ಅಂಕಿಗಳು ಒಬ್ಬರಿಗೊಬ್ಬರು ಚೌಕಾಸಿ ಮಾಡಿ ಸಹಿ ಹಾಕಿದ್ದು, ಅದಕ್ಕೆ ಬದಲಾಗಿ ಬೌದ್ಧಿಕ ಆಸ್ತಿ, ಸರ್ವೀಸಸ್ ಅಂತ ಬೇರೆ ಕಡೆ ಬಡದೇಶಗಳು ಬಿಟ್ಟುಕೊಟ್ಟಿದ್ದೂ ಇದೆ, ಅದನ್ನ ಮರೆಯೋ ಹಾಗಿಲ್ಲ. ಸರಾಸರಿ ನೋಡಿ ಸುಮ್ನಾಗೋದೂ ಬೇಡ, ಒಂದೊಂದು ಸರಕಿನ ಸಾಲು ನೋಡ್ಬೇಕು. ಕೆಲವು ಎಲೆಕ್ಟ್ರಾನಿಕ್ಸ್ ಮತ್ತು ಟೆಲಿಕಾಂ ಸಾಮಾನಿಗೆ ಭಾರತದ ಮಿತಿ ಸೊನ್ನೆ, ಅದರ ಮೇಲೆ ಸುಂಕ ಹಾಕಿದ್ದಕ್ಕೆ ಯುರೋಪಿಯನ್ ಯೂನಿಯನ್, ಜಪಾನ್, ತೈವಾನ್ ಕೇಸ್ ಹಾಕಿ 2023ರಲ್ಲಿ ಡಬ್ಲ್ಯುಟಿಒದ ಪ್ಯಾನೆಲ್‌ಗಳು, ಅಂದ್ರೆ ಕೇಸ್ ವಿಚಾರಣೆ ಮಾಡೋ ಸಮಿತಿಗಳು, ಭಾರತದ ವಿರುದ್ಧ ವರದಿ ಕೊಟ್ವು.

ಮೂರನೇದು ಬೇಗ ಮುಗಿಯುತ್ತೆ, ತಾರತಮ್ಯ ಇದ್ಯಾ ನೋಡೋದು. ಗ್ಯಾಟ್, ಅಂದ್ರೆ ಡಬ್ಲ್ಯುಟಿಒಗಿಂತ ಮೊದ್ಲಿಂದ ಇರೋ ಸರಕು ವ್ಯಾಪಾರದ ಮೂಲ ಒಪ್ಪಂದ, ಅದರ 1ನೇ ವಿಧಿ ಪ್ರಕಾರ ಒಂದು ಸದಸ್ಯ ದೇಶಕ್ಕೆ ಕೊಟ್ಟ ರಿಯಾಯಿತಿ ಎಲ್ಲಾ ಸದಸ್ಯರಿಗೂ ಕೊಡ್ಬೇಕು, ಎಂಎಫ್‌ಎನ್ (ಮೋಸ್ಟ್ ಫೇವರ್ಡ್ ನೇಷನ್) ಅಂತಾರಲ್ಲ ಅದು. ಇದಕ್ಕೆ ಮುಖ್ಯವಾಗಿ ಎರಡು ವಿನಾಯಿತಿ: 24ನೇ ವಿಧಿಯ ಎಫ್‌ಟಿಎ (ಮುಕ್ತ ವ್ಯಾಪಾರ ಒಪ್ಪಂದ), ಇನ್ನೊಂದು ಅಭಿವೃದ್ಧಿಶೀಲ ದೇಶಗಳಿಗೆ ಅಂತ 1979ರಲ್ಲಿ ಮಾಡಿದ ಎನೇಬ್ಲಿಂಗ್ ಕ್ಲಾಸ್. ಎಫ್‌ಟಿಎ ಅಂದ್ರೆ ಎರಡು ದೇಶದ ನಡುವಿನ ಬಹುಪಾಲು ವ್ಯಾಪಾರ ಅದರಲ್ಲಿ ಸೇರಿರ್ಬೇಕು, ನಾಲ್ಕು ಸರಕಿಗೆ ಮಾತ್ರ ಸುಂಕ ಇಳಿಸಿ ಡೀಲ್ ಅಂತ ಫೋಟೋ ತೆಗೆಸ್ಕೊಂಡ್ರೆ 24ನೇ ವಿಧಿಯ ಷರತ್ತು ಪೂರೈಸಲ್ಲ. ಹೊಸ ಡೀಲ್ ಸುದ್ದಿ ಬಂದಾಗ ಎಷ್ಟು ಸರಕು ಸೇರಿದೆ ಅಂತ ಹುಡುಕಿ.

ಮಿತಿ ಮೀರಿದ್ದು ಖಚಿತ ಆದ್ರೆ ಆ ದೇಶ ಕೊಡೋ ಸಮರ್ಥನೆ ಏನು ಅಂತ ಹುಡುಕ್ಬೇಕು. ಡಂಪಿಂಗ್ (ತಮ್ಮ ದೇಶದ ಬೆಲೆಗಿಂತ ಕಡಿಮೆಗೆ ಹೊರಗೆ ಮಾರೋದು) ಆಗ್ತಿದೆ ಅಂದ್ರೆ 6ನೇ ವಿಧಿ, ಆಮದು ದಿಢೀರ್ ಏರಿ ದೇಶೀ ಉದ್ಯಮಕ್ಕೆ ಪೆಟ್ಟು ಬಿತ್ತು ಅಂದ್ರೆ 19ನೇ ವಿಧಿಯ ಸೇಫ್‌ಗಾರ್ಡ್, ಆರೋಗ್ಯ, ನೈತಿಕತೆ, ಪರಿಸರ ಅಂದ್ರೆ 20ನೇ ವಿಧಿ. ಯುರೋಪಿನ ಕಾರ್ಬನ್ ಶುಲ್ಕ, ಅಂದ್ರೆ 2026ರ ಜನವರಿಯಿಂದ ಪೂರ್ತಿ ಜಾರಿಗೆ ಬಂದ ಸಿಬಿಎಎಂ, ಅದರ ವಾದ ನಡೆಯೋದು ಬಹುಶಃ ಈ 20ನೇ ವಿಧಿ ಸುತ್ತಾನೇ. ಚೀನಾ ಮೇಲಿನ ಸೆಕ್ಷನ್ 301 ಸುಂಕಕ್ಕೂ ಅಮೆರಿಕ ಸಾರ್ವಜನಿಕ ನೈತಿಕತೆ ಅಂತ ಇದೇ ವಿಧಿ ಹಿಡ್ಕೊಂಡಿತ್ತು, 2020ರ ಸೆಪ್ಟೆಂಬರ್‌ನಲ್ಲಿ ಪ್ಯಾನೆಲ್ ಅದನ್ನ ಒಪ್ಪಲಿಲ್ಲ.

ಆದ್ರೆ ಈಗ ಎಲ್ಲರ ಕಣ್ಣಿರೋದು 21ನೇ ವಿಧಿ ಮೇಲೆ, ರಾಷ್ಟ್ರೀಯ ಭದ್ರತೆ. ಗ್ಯಾಟ್ 1947ರಲ್ಲಿ 23 ದೇಶ ಸೇರಿ ಮಾಡಿದ್ದು, ಅವತ್ತಿಂದ ಈ ವಿಧಿ ಇದೆ, ದಶಕಗಟ್ಟಲೆ ಎಲ್ರೂ ಇದನ್ನ ಮುಟ್ಟೋಕೆ ಹಿಂಜರೀತಿದ್ರು, ಯಾಕಂದ್ರೆ ಒಬ್ರು ಬಳಸೋಕೆ ಶುರು ಮಾಡಿದ್ರೆ ಮಿಕ್ಕವರೂ ಬಿಡಲ್ಲ ಅಂತ ಗೊತ್ತಿತ್ತು. ರಷ್ಯಾ ಉಕ್ರೇನ್ ಸರಕು ಸಾಗಾಟ ತಡೆದ ಕೇಸಲ್ಲಿ 2019ರಲ್ಲಿ ಮೊದಲ ಸಲ ಪ್ಯಾನೆಲ್ ಇದರ ಬಗ್ಗೆ ತೀರ್ಪು ಕೊಡ್ತು: ಭದ್ರತೆ ಅಂತ ಹೇಳಿದ ಮಾತ್ರಕ್ಕೆ ಪ್ರಶ್ನೆ ಮಾಡೋ ಹಾಗಿಲ್ಲ ಅಂತಲ್ಲ, ಪರಿಶೀಲಿಸೋ ಅಧಿಕಾರ ನಮಗಿದೆ, ಆದ್ರೆ ಇಲ್ಲಿ ಷರತ್ತು ಪೂರೈಸಿದೆ ಅಂತ ರಷ್ಯಾ ಪರ ಹೋಯ್ತು. 2022ರ ಡಿಸೆಂಬರ್‌ನಲ್ಲಿ ಅಮೆರಿಕದ ಉಕ್ಕಿನ ಸುಂಕಕ್ಕೆ ಇದೇ ಅಳತೆ ಹಿಡಿದಾಗ ಯುದ್ಧ ಅಥವಾ ಅಂಥ ತುರ್ತು ಸ್ಥಿತಿ ಇಲ್ಲಿ ಕಾಣಲ್ಲ ಅಂತ ಅಮೆರಿಕದ ವಿರುದ್ಧ ಬಂತು. ನಮ್ಮ ಭದ್ರತೆ ಬಗ್ಗೆ ತೀರ್ಮಾನ ಮಾಡೋಕೆ ನೀವ್ಯಾರು ಅನ್ನೋದು ಅಮೆರಿಕದ ನಿಲುವು. ಚೀನಾ ಕೂಡ 2023ರಲ್ಲಿ ಗ್ಯಾಲಿಯಂ, ಜರ್ಮೇನಿಯಂ ರಫ್ತಿಗೆ, 2025ರ ಏಪ್ರಿಲ್‌ನಲ್ಲಿ ಕೆಲವು ರೇರ್ ಅರ್ಥ್‌ಗಳಿಗೆ (ಮ್ಯಾಗ್ನೆಟ್, ಎಲೆಕ್ಟ್ರಾನಿಕ್ಸ್‌ಗೆ ಬೇಕಾದ ಲೋಹಗಳು) ಲೈಸೆನ್ಸ್ ಕಡ್ಡಾಯ ಮಾಡ್ದಾಗ ಹೇಳಿದ ಕಾರಣ ಭದ್ರತೆನೇ. ಇಲ್ಲೊಂದು ವ್ಯತ್ಯಾಸ ಗಮನಿಸಿ, ಇದಕ್ಕೂ ಹಿಂದೆ ರೇರ್ ಅರ್ಥ್ ರಫ್ತು ಕೋಟಾ ಕೇಸಲ್ಲಿ 2014ರಲ್ಲಿ ಸೋತ ಚೀನಾ 2015ರಲ್ಲಿ ಕೋಟಾ ತೆಗೆದುಹಾಕಿತ್ತು. ಹತ್ತೇ ವರ್ಷದಲ್ಲಿ ಎಲ್ಲಿಂದ ಎಲ್ಲಿಗೆ ಬಂದ್ವಿ ಅಂತ ಈ ಒಂದು ಸರಕಿನ ಕಥೆಯಲ್ಲೇ ಕಾಣುತ್ತೆ.

ಕೇಸ್ ಆಗಿದ್ರೆ ಅದಕ್ಕೊಂದು ಡಿಎಸ್ ನಂಬರ್, ಅಂದ್ರೆ ಡಬ್ಲ್ಯುಟಿಒ ಕೇಸ್ ನಂಬರ್, ಇರುತ್ತೆ, ಚೀನಾ ಟ್ಯಾರಿಫ್ ಕೇಸ್ ಡಿಎಸ್ 543, ಉಕ್ಕಿನ ಕೇಸ್ ಡಿಎಸ್ 544 ಹೀಗೆ, ಡಬ್ಲ್ಯುಟಿಒ ವೆಬ್‌ಸೈಟಲ್ಲಿ ಆ ನಂಬರ್ ಹಾಕಿದ್ರೆ ಕೇಸ್ ಯಾವ ಹಂತದಲ್ಲಿದೆ ಅಂತ ಬರುತ್ತೆ. ಮೊದ್ಲು ಮಾತುಕತೆಗೆ 60 ದಿನ, ಬಗೆಹರಿಯದಿದ್ರೆ ಪ್ಯಾನೆಲ್, ಆಮೇಲೆ ಅಪೀಲು. 1995ಕ್ಕಿಂತ ಮುಂಚೆ ಗ್ಯಾಟ್ ಕಾಲದಲ್ಲಿ ಸೋತ ದೇಶ ತೀರ್ಪನ್ನ ತಾನೇ ತಡೀಬಹುದಿತ್ತು, ಡಬ್ಲ್ಯುಟಿಒ ಬಂದ್ಮೇಲೆ ಎಲ್ರೂ ಸೇರಿ ಬೇಡ ಅಂದ್ರೆ ಮಾತ್ರ ತೀರ್ಪು ನಿಲ್ಲೋದು. ಅದೊಂದು ದೊಡ್ಡ ಸಾಧನೆ, ಸಣ್ಣ ದೇಶಗಳಿಗೆ ಅಷ್ಟರ ಮಟ್ಟಿಗೆ ಸಮಾನವಾಗಿ ನಿಲ್ಲೋ ಜಾಗ ಅದಕ್ಕೂ ಮೊದ್ಲು ಇರಲಿಲ್ಲ.

ಈಗ ಆ ವ್ಯವಸ್ಥೆ ಅಪೀಲಿನ ಹಂತದಲ್ಲಿ ನಿಂತುಹೋಗಿದೆ. ಅಪೀಲು ಕೇಳೋ ಪೀಠದಲ್ಲಿ, ಅಂದ್ರೆ ಅಪೆಲೇಟ್ ಬಾಡಿಯಲ್ಲಿ, 7 ಜನ ಇರ್ಬೇಕು, ಒಂದು ಕೇಸ್ ಕೇಳೋಕೆ 3 ಜನ ಬೇಕು. 2016ರಲ್ಲಿ ಒಬಾಮಾ ಸರ್ಕಾರ ಒಬ್ಬ ಸದಸ್ಯರ ಮರುನೇಮಕ ತಡೀತು, ಟ್ರಂಪ್ ಎಲ್ಲಾ ನೇಮಕ ತಡೆದ್ರು, 2019ರ ಡಿಸೆಂಬರ್‌ಗೆ ಪೀಠ ಕೆಲಸ ನಿಲ್ಲಿಸ್ತು, 2020ರ ನವೆಂಬರ್‌ಗೆ ಕೊನೆಯ ಸದಸ್ಯರೂ ಹೋದ್ರು, ಬೈಡನ್ ಬಂದ್ಮೇಲೂ ಬದಲಾಗಲಿಲ್ಲ. ಹಾಗಾಗಿ ಸೋತ ದೇಶ ಸುಮ್ನೆ ಅಪೀಲು ಹಾಕುತ್ತೆ, ಕೇಳೋರಿಲ್ಲ, ತೀರ್ಪು ಅಲ್ಲೇ ನೇತಾಡುತ್ತೆ. ಮೇಲೆ ಹೇಳಿದ ಎರಡೂ ಅಮೆರಿಕನ್ ಕೇಸ್ ಹೀಗೇ ನಿಂತಿವೆ. ಇಲ್ಲಿ ಅಮೆರಿಕ ಒಂದನ್ನೇ ಬೈದು ಮುಗಿಸೋ ಹಾಗಿಲ್ಲ: ನಿಕ್ಕಲ್ ಅದಿರು ರಫ್ತು ನಿಷೇಧದ ಕೇಸಲ್ಲಿ ಇಂಡೋನೇಷ್ಯಾ 2022ರಲ್ಲಿ ಇದನ್ನೇ ಮಾಡ್ತು, ಸಕ್ಕರೆ ಕೇಸಲ್ಲಿ ಭಾರತವೂ ಇದನ್ನೇ ಮಾಡ್ತು. ಏಳ್ತಿರೋ ದೇಶಗಳಿಗೆ ಕಾರ್ಖಾನೆ ಕಟ್ಕೊಳೋಕೆ ಇದು ಸದ್ಯಕ್ಕೆ ಅನುಕೂಲ, ಇಂಡೋನೇಷ್ಯಾದಲ್ಲಿ ನಿಕ್ಕಲ್ ಸ್ಮೆಲ್ಟರ್‌ಗಳು ಬಂದಿದ್ದೂ ನಿಜ. ಆದ್ರೆ ನಾಳೆ ಇವರ ರಫ್ತಿಗೆ ಯಾರಾದ್ರೂ ಅಡ್ಡ ಹಾಕಿದ್ರೆ ಹೋಗೋಕೆ ಬಾಗಿಲಿಲ್ಲ, ಅದಕ್ಕೇ ಈ ದಾರಿ ಹಿಡಿಯೋದು ನನಗೆ ಸರಿ ಅನ್ಸಲ್ಲ. ಆದ್ರಿಂದ ಕೇಸ್ ನೋಡ್ವಾಗ ಎರಡೂ ಕಡೆಯವರು ಎಂಪಿಐಎಯಲ್ಲಿ ಇದ್ದಾರಾ ನೋಡಿ, 2020ರಲ್ಲಿ ಶುರುವಾದ ಬದಲಿ ಅಪೀಲು ವ್ಯವಸ್ಥೆ ಅದು, ಯುರೋಪಿಯನ್ ಯೂನಿಯನ್, ಚೀನಾ, ಬ್ರೆಜಿಲ್, ಕೆನಡಾ, ಜಪಾನ್ ಎಲ್ಲ ಇವೆ, ಅಮೆರಿಕ ಭಾರತ ಎರಡೂ ಇಲ್ಲ. ಇಬ್ರೂ ಒಳಗಿದ್ರೆ ತೀರ್ಪಿಗೆ ಬೆಲೆ ಇದೆ ಅಂತ ಧೈರ್ಯವಾಗಿ ಹೇಳ್ಬಹುದು.

ಗೆದ್ದ ದೇಶಕ್ಕೆ ಗೆದ್ದಿದ್ದರಿಂದ ಏನು ಸಿಕ್ತು ಅನ್ನೋದು ಮುಂದಿನ ಪ್ರಶ್ನೆ, ಯಾರ ಬಲ ಎಷ್ಟು ಅಂತ ನಿಜವಾಗಿ ಕಾಣೋದು ಇಲ್ಲೇ. ಡಬ್ಲ್ಯುಟಿಒ ಯಾರಿಗೂ ದಂಡ ಹಾಕಲ್ಲ, ಗೆದ್ದವರಿಗೆ ಪ್ರತಿಸುಂಕ ಹಾಕೋ ಅನುಮತಿ ಕೊಡುತ್ತೆ ಅಷ್ಟೆ. ಸುಮಾರು ಒಂದು ಲಕ್ಷ ಜನ ಇರೋ ಆಂಟಿಗುವಾ ಆನ್‌ಲೈನ್ ಜೂಜಿನ ಕೇಸಲ್ಲಿ ಅಮೆರಿಕವನ್ನ ಸೋಲಿಸ್ತು, 2007ರಲ್ಲಿ ವರ್ಷಕ್ಕೆ 2.1 ಕೋಟಿ ಡಾಲರ್ ಮಟ್ಟಿಗೆ ಪ್ರತಿಕ್ರಮಕ್ಕೆ ಅವಕಾಶನೂ ಸಿಕ್ತು, ಅದನ್ನ ಬಳಸಿ ಅಮೆರಿಕವನ್ನ ಬಗ್ಗಿಸೋಕೆ ಆಗಲಿಲ್ಲ. ಹತ್ತಿ ಸಬ್ಸಿಡಿ ಕೇಸಲ್ಲಿ ಬ್ರೆಜಿಲ್ 2010ರಲ್ಲಿ ಪ್ರತಿಸುಂಕದ ಪಟ್ಟಿ ಪ್ರಕಟಿಸಿ ಪೇಟೆಂಟ್‌ಗೂ ಕೈ ಹಾಕ್ತೀವಿ ಅಂದಾಗ ಅಮೆರಿಕ ದುಡ್ಡು ಕೊಡೋಕೆ ಒಪ್ತು, 2014ರಲ್ಲಿ 30 ಕೋಟಿ ಡಾಲರ್ ಕೊಟ್ಟು ಕೇಸ್ ಮುಗಿಸ್ತು. ಕಾನೂನು ಒಂದೇ, ಮಾರುಕಟ್ಟೆ ಗಾತ್ರ ಬೇರೆ. 2001ರಲ್ಲಿ ಡಬ್ಲ್ಯುಟಿಒ ಸೇರಿದ ಚೀನಾ 2009ಕ್ಕೆ ಸರಕು ರಫ್ತಲ್ಲಿ ಪ್ರಪಂಚಕ್ಕೇ ಮೊದಲಾಯ್ತು, 2025ರಲ್ಲಿ ಅಮೆರಿಕ 145 ಪರ್ಸೆಂಟ್‌ವರೆಗೆ ಏರಿಸಿದಾಗ 125 ಹಾಕಿ ಎದುರು ನಿಲ್ತು. ಮೇ ತಿಂಗಳಲ್ಲಿ ಇಬ್ರೂ ಇಳಿಸೋಕೆ ಒಪ್ಪಿದ್ದು ಡಬ್ಲ್ಯುಟಿಒ ಇರೋ ಜಿನೀವಾದಲ್ಲೇ, ಆದ್ರೆ ಡಬ್ಲ್ಯುಟಿಒ ಮೂಲಕ ಅಲ್ಲ. ಅದಕ್ಕೇ ಯಾವ ಜಗಳದಲ್ಲೂ ಯಾರು ದೊಡ್ಡ ಗಿರಾಕಿ, ಯಾರ ಸಾಮಾನಿಗೆ ಬದಲಿ ಇಲ್ಲ ಅಂತ ಪಕ್ಕದಲ್ಲಿ ಬರ್ಕೊಳಿ.

ಇದನ್ನೆಲ್ಲ ಮುಂದೆನೂ ಫಾಲೋ ಮಾಡೋಕೆ ಇಷ್ಟ ಇದ್ರೆ ಡಬ್ಲ್ಯುಟಿಒದಲ್ಲಿ ಈ ಕೇಸುಗಳನ್ನ ನೋಡ್ಕೊಳೋ ಡಿಸ್ಪ್ಯೂಟ್ ಸೆಟಲ್‌ಮೆಂಟ್ ಬಾಡಿ ಸಭೆಗಳ ಸಾರಾಂಶ ಓದೋ ಅಭ್ಯಾಸ ಮಾಡ್ಕೊಳಿ, ಚಿಕ್ಕದಾಗಿರುತ್ತೆ. ಅಪೆಲೇಟ್ ಬಾಡಿಗೆ ಸದಸ್ಯರನ್ನ ನೇಮಿಸಿ ಅನ್ನೋ ಪ್ರಸ್ತಾಪ 130 ಸದಸ್ಯರ ಪರವಾಗಿ ಸಭೆ ಸಭೆಗೂ ಬರ್ತಾ ಇದೆ, ಅಮೆರಿಕ ಪ್ರತಿ ಸಲ ಒಪ್ಪಲ್ಲ ಅಂತಾ ಇದೆ, ಒಮ್ಮತ ಇಲ್ದೆ ಅದು ಪಾಸಾಗಲ್ಲ. ಅಲ್ಲಿ ಯಾವ ದೇಶ ಎದ್ದು ಮಾತಾಡ್ತು, ಯಾವುದು ಸುಮ್ನಿತ್ತು, ಪ್ರಸ್ತಾಪಕ್ಕೆ ಹೊಸದಾಗಿ ಯಾರು ಸೇರಿದ್ರು ಯಾರು ಹಿಂದೆ ಸರಿದ್ರು ಅನ್ನೋದನ್ನ ಮೊದ್ಲು ನೋಡಿ, ಆಮೇಲೆ ಉಳಿದ ಅಜೆಂಡಾಗೆ ಹೋಗಿ.