ರೀಬ್ರೀದರ್ ಕಲಿಯುವ ಮುನ್ನ ಮಾಮೂಲಿ ಸ್ಕೂಬಾ ಬರಬೇಕೇ?

ಸಾಗರ, ತೀರ್ಥಹಳ್ಳಿ ಕಡೆಯ ಹುಡುಗರಿಗೆ ಹೊಳೆ ಈಜು ಬಾಲ್ಯದಿಂದಲೇ ರೂಢಿ. ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಯಲ್ಲಿ ಒಂದೆರಡು ಸಲ ಮುಳುಗಿ ಬಂದವರು ಈಗ ‘ನೇರ ರೀಬ್ರೀದರ್ ಕಲಿತರೆ ಆಗದಾ?’ ಎಂದು ಕೇಳುತ್ತಾರೆ. ಆಗದು. ಬಿಟ್ಟ ಉಸಿರನ್ನೇ ಶುದ್ಧಮಾಡಿ, ಆಕ್ಸಿಜನ್ ಸೇರಿಸಿ ಮತ್ತೆ ಉಸಿರಾಡಲು ಕೊಡುವ ಯಂತ್ರ ರೀಬ್ರೀದರ್. ಅದು ನಡುನೀರಲ್ಲಿ ಕೈಕೊಟ್ಟರೆ ಜೀವ ಉಳಿಸುವುದು ಪಕ್ಕದಲ್ಲಿ ಕಟ್ಟಿಕೊಂಡ ಮಾಮೂಲಿ ಸ್ಕೂಬಾ ಸಿಲಿಂಡರ್.

1. ಸ್ಕೂಬಾದ ಮೊದಲ ಪಾಠವಾದ ಓಪನ್ ವಾಟರ್ ಕೋರ್ಸ್, ಆಮೇಲೆ ನೈಟ್ರಾಕ್ಸ್ (ಆಕ್ಸಿಜನ್ ಹೆಚ್ಚಿಸಿದ ಗಾಳಿ). ಐವತ್ತು ಡೈವ್ ಆದ ಕೂಡಲೇ ರೀಬ್ರೀದರ್‌ಗೆ ಹೋಗಿ, ಇನ್ನೂರಕ್ಕೆ ಕಾಯಬೇಡಿ. ಸ್ಕೂಬಾದಲ್ಲಿ ಉಸಿರೆಳೆದರೆ ದೇಹ ಮೇಲೇರುತ್ತದೆ, ಬಿಟ್ಟರೆ ಇಳಿಯುತ್ತದೆ. ರೀಬ್ರೀದರ್‌ನಲ್ಲಿ ಬಿಟ್ಟ ಉಸಿರು ಯಂತ್ರದ ಚೀಲಕ್ಕೇ ಹೋಗುವುದರಿಂದ ದೇಹ ಇದ್ದಲ್ಲೇ ಇರುತ್ತದೆ. ಹಳೆಯ ಅಭ್ಯಾಸ ಬೇರೂರಿದಷ್ಟೂ ಕೀಳುವುದು ಕಷ್ಟ.

2. ಸುಣ್ಣ ತುಂಬುವುದು. ಉಸಿರಿನ ಇಂಗಾಲದ ಡೈಆಕ್ಸೈಡ್ ಹೀರುವ ಸೋಡಾಲೈಮ್ ನಮ್ಮ ಕವಳದ ಸುಣ್ಣದ ಕುಲದ್ದೇ. ಅಡಿಕೆ ಚೀಲ ತುಂಬುವ ಹಾಗೆ ತಟ್ಟಿ ತಟ್ಟಿ ಕೂರಿಸಿ. ಸಂದು ಉಳಿದರೆ ಉಸಿರು ಶುದ್ಧವಾಗದೆ ಅಲ್ಲೇ ನುಸುಳಿ ಬಾಯಿಗೆ ಮರಳುತ್ತದೆ. ಬಳಸಿದ ಸುಣ್ಣವನ್ನು ಒಣಗಿಸಿ ಮತ್ತೆ ತುಂಬುವವರನ್ನು ಕಂಡಿದ್ದೇನೆ. ದಯವಿಟ್ಟು ಎಸೆದುಬಿಡಿ. ಸೆಕೆಂಡ್‌ಹ್ಯಾಂಡ್ ಯಂತ್ರದ ಜೊತೆ ಬಂದ ಹಳೇ, ಆಕ್ಸಿಜನ್ ಅಳೆಯುವ ಸೆಲ್‌ಗಳನ್ನೂ ಅಷ್ಟೇ.

3. ಬೇಲ್‌ಔಟ್. ಅಂದರೆ ರೀಬ್ರೀದರ್ ಬಿಟ್ಟು ಪಕ್ಕದ ಸಿಲಿಂಡರ್ ಗಾಳಿಗೆ ಬದಲಾಗುವುದು. ಎಲ್ಲರೂ ಎಡವುವುದು ಇಲ್ಲೇ. ಸುಣ್ಣ ಸೋತರೆ ಮೀಟರ್‌ನಲ್ಲಿ ಆಕ್ಸಿಜನ್ ಸರಿಯಾಗಿಯೇ ಕಾಣುತ್ತಿರುತ್ತದೆ, ಆದರೆ ನಿಮಗೆ ಏದುಸಿರು ಹತ್ತುತ್ತದೆ. ಬಾಯಿಂದ ಮೌತ್‌ಪೀಸ್ ತೆಗೆಯಲು ಅರೆಕ್ಷಣವೂ ಮನಸ್ಸು ಒಪ್ಪುವುದಿಲ್ಲ. ಒಂದು ಈಜುಕೊಳದಲ್ಲಿ ತುಂಗೆಯನ್ನು ಈಜಿ ದಾಟಬಲ್ಲ ಹುಡುಗನೊಬ್ಬ ಗಾಬರಿಯಲ್ಲಿ ಮೌತ್‌ಪೀಸಿನ ಲಿವರ್ ಮುಚ್ಚದೆ ಕಿತ್ತ. ನೀರು ಕೊಳವೆಗೆ ನುಗ್ಗಿತು. ಅದು ಸುಣ್ಣಕ್ಕೆ ತಾಗಿದರೆ ಗಂಟಲು ಸುಡುವ ಕ್ಷಾರವಾಗುತ್ತದೆ. ಅವನಿಗೆ ಸಿಲಿಂಡರ್ ಗಾಳಿಯನ್ನು ಬಾಯಿಗೆ ಕೊಡುವ ಸ್ಕೂಬಾ ರೆಗ್ಯುಲೇಟರ್ ಕೈಗೆ ರೂಢಿಯೇ ಇರಲಿಲ್ಲ.

ಕ್ರಮ ಹೀಗಿರಲಿ: ಎಡಗೈಯಲ್ಲಿ ರೆಗ್ಯುಲೇಟರ್ ಹಿಡಿದುಕೊಳ್ಳಿ, ಬಲಗೈಯಲ್ಲಿ ಲಿವರ್ ಮುಚ್ಚಿ, ಮೌತ್‌ಪೀಸ್ ತೆಗೆದು ರೆಗ್ಯುಲೇಟರ್ ಕಚ್ಚಿ, ಬಟನ್ ಒತ್ತಿ ನೀರು ಹೊರಹಾಕಿ, ಆಮೇಲೆ ಉಸಿರೆಳೆಯಿರಿ. ಕಣ್ಣು ಮುಚ್ಚಿ ಮೂವತ್ತು ಸಲ ಮಾಡಿ. ಕಾಸು ಉಳಿಸಲು ಹೋಗದೆ ಬೇಲ್‌ಔಟ್ ವಾಲ್ವ್ ಇರುವ ಮೌತ್‌ಪೀಸ್ ಕೊಳ್ಳಿ. ಲಿವರ್ ತಿರುಗಿಸಿದರೆ ಬಾಯಿ ಬಿಡದೆಯೇ ಸಿಲಿಂಡರ್ ಗಾಳಿ ಸಿಗುತ್ತದೆ.

ಲೆಕ್ಕವನ್ನೂ ಹಾಕಿ. ಗಾಬರಿಯಲ್ಲಿ ನಿಮಿಷಕ್ಕೆ 60 ಲೀಟರ್ ಉಸಿರಾಡುವವರಿಗೆ 20 ಮೀಟರ್ ಆಳದಲ್ಲಿ ಒತ್ತಡ ಮೂರು ಪಟ್ಟಾದ್ದರಿಂದ 180 ಲೀಟರ್ ಬೇಕು. 200 ಬಾರ್ ತುಂಬಿದ 5 ಲೀಟರ್ ಸಿಲಿಂಡರ್ ಆರು ನಿಮಿಷವೂ ಬಾರದು.

4. ಉಸಿರಾಡುವ ಗಾಳಿಯಲ್ಲಿನ ಆಕ್ಸಿಜನ್ ಒತ್ತಡವನ್ನು ನಿಮಿಷಕ್ಕೊಮ್ಮೆ ನೋಡುತ್ತಿರಿ. 0.16 ಬಾರ್‌ಗಿಂತ ಇಳಿದರೆ ಸುಳಿವೇ ಇಲ್ಲದೆ ಪ್ರಜ್ಞೆ ತಪ್ಪಬಹುದು, 1.6 ದಾಟಿದರೆ ಫಿಟ್ಸ್ ಬರಬಹುದು.

5. ಡೈವ್ ಮುಗಿಸಿದ ಸಂಜೆಯೇ ಘಾಟಿ ಹತ್ತಬೇಡಿ. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿದೆ. ಮೇಲೆ ಗಾಳಿಯೊತ್ತಡ ಕಡಿಮೆಯಾಗಿ ದೇಹದಲ್ಲಿ ಉಳಿದ ಸಾರಜನಕ ಗುಳ್ಳೆಗಟ್ಟುವ ಅಪಾಯ ಹೆಚ್ಚು. ಆ ರಾತ್ರಿ ಕರಾವಳಿಯಲ್ಲೇ ಉಳಿದು ಮರುದಿನ ಊಟ ಮುಗಿಸಿ ಹೊರಡಿ.